ಹಳೇಬೀಡಿಗೆ ಇಳಿಯುವ ಹಾವುಗಳು

ಅರಸೀಕೆರೆ
16-4-2001

ಪ್ರೀತಿಯ ತಂಗಿ ಇಂದುಗೆ,

ನಿನ್ನ ಪತ್ರ ಯುಗಾದಿಯ ಹೊತ್ತಿಗೇ ಬಂದಿತ್ತು. ಅಕ್ಕ ಇನ್ನೂ ಉತ್ತರ ಬರೆದಿಲ್ಲವೆಂದು ಬೈದುಕೊಳ್ಳುತ್ತಿರುತ್ತೀಯ. ಬೈದುಕೋ, ಬೈಸಿಕೊಳ್ಳುವ ಹಾಗೇ ಮಾಡಿದ್ದೇನೆ. ಮಾರ್ಚ್ ತಿಂಗಳಲ್ಲಿ ತಾಲ್ಲೂಕು ಕಚೇರಿಯ ಟೈಪಿಸ್ಟಿಗೆ ಊಟದ ಡಬ್ಬಿ ಬಿಚ್ಚಲೂ ಪುರುಸೊತ್ತಿರುವುದಿಲ್ಲ. ಆಮೇಲೆ ಬಾಬಾಸಾಹೇಬರ ಜಯಂತಿಯ ಓಡಾಟ. ಆದರೆ ಇದೆಲ್ಲ ನೆಪ ಕಣೇ. ನಿನ್ನ ಪತ್ರ ಓದಿ ನನಗೆ ಹೊಟ್ಟೆಕಿಚ್ಚಾಯಿತು. ಅದು ಆರಲಿ, ಆಮೇಲೆ ಬರೆಯೋಣ ಎಂದು ಕಾದೆ. ಆರಲಿಲ್ಲ, ಹಾಗೇ ಬರೆಯುತ್ತಿದ್ದೇನೆ.

ಫೋನ್ ಮಾಡಬಹುದಿತ್ತಲ್ಲ ಅನ್ನಬೇಡ. ನಿಮ್ಮ ಮನೆ ಫೋನು ನಿನ್ನ ಅತ್ತೆಯ ಮಂಚದ ತಲೆದೆಸೆಯಲ್ಲೇ ಇದೆ. ನಾನು 'ಹಲೋ' ಅಂದರೆ ಮುತ್ತಮ್ಮನವರು "ಯಾರವ್ವಾ? ಮೀನಾಕ್ಷಿನಾ? ಮಳೆ ಬಂತಾ ನಿಮ್ ಕಡೆ?" ಎಂದು ಶುರು ಮಾಡುತ್ತಾರೆ. ಮಳೆ, ತೆಂಗಿನಕಾಯಿ, ಸೊಂಟದ ನೋವು ಎಲ್ಲ ಮುಗಿಯುವ ಹೊತ್ತಿಗೆ ನಾನು ಕೇಳಬೇಕೆಂದಿದ್ದು ಗಂಟಲಲ್ಲೇ ಉಳಿದಿರುತ್ತದೆ.

ನೀನು ಏನು ಬರೆದಿದ್ದೀಯ ಎಂದು ನಿನಗೇ ನೆನಪಿದೆಯೋ ಇಲ್ಲವೋ. "ಸಂಜೆ ಎಲ್ಲರೂ ಪಡಸಾಲೆಯಲ್ಲಿ ಕೂತು ಆಡುತ್ತೇವೆ ಅಕ್ಕಾ. ಚೌಕಾಬಾರ ಆಡಿ ಆಡಿ ಬೇಸರವಾಗಿದೆ. ಅರಸೀಕೆರೆಯ ಅಂಗಡಿಗಳಲ್ಲಿ ಹೊಸ ಥರದ ಆಟದ ಪಟಗಳು ಬಂದಿವೆಯಂತೆ. ಮನೆಮಂದಿಯೆಲ್ಲ ಆಡುವಂಥದ್ದು ಒಂದು ಆರಿಸಿ ಕಳಿಸು." ಅಷ್ಟಕ್ಕೇ ನಿಲ್ಲಿಸಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಕೆಳಗೆ ಸಣ್ಣ ಅಕ್ಷರದಲ್ಲಿ, "ಗೌತಮಿ ಈ ಸಲ ರಜೆಗೆ ಇಲ್ಲೇ ಇರುತ್ತೇನೆ ಅನ್ನುತ್ತಿದ್ದಾಳೆ, ಬೇಜಾರು ಮಾಡಿಕೊಳ್ಳಬೇಡ" ಎಂದು ಸೇರಿಸಿದ್ದೀಯ. ಮಗು ಬರುವುದಿಲ್ಲ, ಮಗುವಿಗೆ ಆಟ ಮಾತ್ರ ನಾನು ಆರಿಸಬೇಕು. ಚೆನ್ನಾಗಿದೆ ನಿನ್ನ ನ್ಯಾಯ.

ಎರಡು ವರ್ಷದ ಕೂಸನ್ನು ನನ್ನ ಕೈಗಿಟ್ಟು ಗೆಂಡೆಹಳ್ಳಿಯಾಚೆಯ ಸ್ಕೂಲಿಗೆ ಪಾಠ ಹೇಳಲು ಹೋದವಳು ನೀನು. ನಿನ್ನ ಯಜಮಾನರು ಸಿದ್ಧಾರ್ಥ ಅವರ ಬ್ಯಾಂಕು ಆಗ ರಾಯಚೂರಿನಲ್ಲಿ, ನಿನ್ನ ಅತ್ತೆ ಸೊಂಟ ಮುರಿದುಕೊಂಡು ಮಲಗಿದ್ದರು. ನಮಗೋ ಮಕ್ಕಳಿಲ್ಲ. ಇನ್ಯಾರು ನೋಡಿಕೊಳ್ಳಬೇಕಿತ್ತು? ನೋಡಿಕೊಂಡೆ. ಮೂರನೇ ಕ್ಲಾಸು ಮುಗಿಯುವವರೆಗೆ ಅವಳ ಜಡೆ ಹೆಣೆದದ್ದು ಈ ಕೈ. ಹೋದ ಜೂನ್‌ನಲ್ಲಿ ನಿನಗೆ ಹಳೇಬೀಡಿಗೆ ವರ್ಗವಾಯಿತು, ಕರೆದುಕೊಂಡು ಹೋದೆ. ನಿನ್ನ ಮಗಳು, ಕರೆದುಕೊಂಡು ಹೋದೆ. ನಾನೇನಾದರೂ ಅಂದೆನಾ?

ನಮ್ಮನೆಯಲ್ಲಿ ಭಾನುವಾರ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕ ಬರೆದು ನಾವಿಬ್ಬರೇ ಆಡುತ್ತಿದ್ದೆವು. ನನ್ನ ಒಡೆದ ಹಸಿರು ಬಳೆಯ ಚೂರುಗಳೇ ಅವಳ ಕಾಯಿ. ಈಗಲೂ ಖಾಲಿ ಪೌಡರ್ ಡಬ್ಬಿಯಲ್ಲಿ ಹಾಗೇ ಇವೆ. ಅವಳ ಕಾಯಿ ಕಡಿದರೆ ಅಳುತ್ತಿದ್ದಳೆಂದು ನಾನು ಕಡಿಯುತ್ತಲೇ ಇರಲಿಲ್ಲ. ನಿನ್ನ ಅತ್ತೆ ಮುಲಾಜಿಲ್ಲದೆ ಕಡಿಯುತ್ತಾರಂತೆ, ಇವಳು ಅಳುವುದಿಲ್ಲವಂತೆ, ನಗುತ್ತಾಳಂತೆ. ಇದನ್ನೂ ನೀನೇ ಬರೆದಿದ್ದೀಯ. ನನಗೆ ಸಂತೋಷವಾಗಲಿ ಎಂದು ಬರೆದೆಯೇನೋ.

ಇರಲಿ, ಹೇಳಿದ ಕೆಲಸ ಮಾಡಿದ್ದೇನೆ. ಬಸ್‌ಸ್ಟ್ಯಾಂಡ್ ಹತ್ತಿರದ ರೇವಣಸಿದ್ದಪ್ಪನ ಫ್ಯಾನ್ಸಿ ಸ್ಟೋರಿಗೆ ಹೋಗಿದ್ದೆ. ಒಂದೊಂದೇ ಪೆಟ್ಟಿಗೆ ಇಳಿಸಿ, ಬಿಚ್ಚಿ ಹಾಸಿ ತೋರಿಸಿದ. ಮೊದಲನೆಯದು ವ್ಯಾಪಾರದ ಆಟ. "ಈಗೆಲ್ಲಾ ಮಕ್ಳು ಇದನ್ನೇ ಕೇಳೋದು ಕಣ್ರೀ ಮೇಡಮ್, ಊರಿಗೂರೇ ಕೊಂಡ್ಕೊಬೋದು" ಎಂದ. ನಾನು ನಿನ್ನ ಮಾವ ದ್ಯಾವಯ್ಯನವರನ್ನು ನೆನೆದುಕೊಂಡೆ. ನಲವತ್ತು ವರ್ಷ ಮೇಷ್ಟರಾಗಿದ್ದವರು, ಊರು ಕೊಂಡುಕೊಂಡು ಬಂದವರಿಂದೆಲ್ಲ ಬಾಡಿಗೆ ಕೀಳುವ ಆಟಕ್ಕೆ ಕೂರುತ್ತಾರೆಯೇ? ಎರಡನೆಯದು ಕ್ರಿಕೆಟ್. ಇಬ್ಬರು ಆಡಬೇಕು, ಉಳಿದವರು ಬಾಯಿ ಬಿಟ್ಟುಕೊಂಡು ನೋಡಬೇಕು. ಇನ್ನೊಂದು ಕಾಡುಪ್ರಾಣಿಗಳದ್ದು. ಗೌತಮಿಗೆ ಇಷ್ಟವಾಗಬಹುದು, ಆದರೆ ಸಿಂಹ ಜಿರಾಫೆಗಳ ಹೆಸರು ನಿನ್ನ ಅತ್ತೆಯ ಬಾಯಲ್ಲಿ ಏನಾಗುತ್ತದೋ ದೇವರೇ ಬಲ್ಲ.

ರೈಲಿನ ಆಟವೂ ಒಂದಿತ್ತು, ನೋಡಲು ಬಹಳ ಚೆನ್ನಾಗಿತ್ತು. ತಂದೇಬಿಡೋಣವೆಂದು ನಿನ್ನ ಭಾವನನ್ನು ಕರೆದುಕೊಂಡು ಹೋಗಿ ತೋರಿಸಿದೆ. ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವವರಲ್ಲವೇ, ಕನ್ನಡಕ ಏರಿಸಿ ಹಳಿಯುದ್ದಕ್ಕೂ ಬೆರಳಾಡಿಸಿದರು. "ಏನೇ ಇದು, ಅರಸೀಕೆರೆ ಜಂಕ್ಷನ್ನೇ ಇಲ್ಲ! ಇಂಥ ರೈಲು ಯಾರಿಗೆ ಬೇಕು?" ಎಂದು ಅಂಗಡಿಯವನ ಮೇಲೇ ರೇಗಿದರು.

ಕೊನೆಯಲ್ಲಿ ರೇವಣಸಿದ್ದಪ್ಪ ಪರಮಪದದ ಪಟ ತೆಗೆದ. ಹಾವು ಏಣಿಯದ್ದು, ಮೇಲೆ ವೈಕುಂಠ. ಅದನ್ನು ಮುಟ್ಟಲೂ ಇಲ್ಲ. ಹಿಂದೊಮ್ಮೆ ಯಾರೋ ತಂದುಕೊಟ್ಟಾಗ ನಿನ್ನ ಮಾವ ಅಂದದ್ದು ನೆನಪಿದೆಯಲ್ಲ? "ವೈಕುಂಠಕ್ಕೆ ಏಣಿ ನಮಗೆ ಯಾರಮ್ಮ ಹಾಕ್ಕೊಟ್ಟವ್ರೆ? ನಾವೇ ಕಟ್ಕೊಂಡು ಹತ್ತಿದ್ದು ಸ್ಕೂಲಿನ ಮೆಟ್ಲು." ಆದರೆ ಮನೆಮಂದಿಯೆಲ್ಲ ಆಡಲು ಹಾವು ಏಣಿಯಂಥ ಆಟ ಇನ್ನೊಂದಿಲ್ಲ. ಓದು ಬಾರದವರೂ ಆಡಬಹುದು, ಮಗುವೂ ಮುದುಕರೂ ಸರಿಸಮ. ಆದ್ದರಿಂದ ನಾನೇ ಒಂದು ಬರೆಯುತ್ತೇನೆ. ನಮ್ಮೂರುಗಳದ್ದೇ ಇರಲಿ, ಅಂಗಡಿಯದು ಯಾವುದೂ ಬೇಡ.

ಬುದ್ಧ ಪೂರ್ಣಿಮೆಗೆ ನಾನೇ ತರುತ್ತೇನೆ. ಆದರೆ ಒಂದು ಮಾತು. ಆಟ ನಿಮಗೆ, ಮಗು ನನಗೆ. ಪೂರ್ಣಿಮೆ ಕಳೆದ ಮೇಲೆ ರಜೆ ಮುಗಿಯುವವರೆಗೆ ಗೌತಮಿಯನ್ನು ನನ್ನ ಜೊತೆ ಕಳಿಸಬೇಕು. ಇಲ್ಲವೆಂದರೆ ಪಟ ಸುತ್ತಿಕೊಂಡು ಬಂದ ಬಸ್ಸಿನಲ್ಲೇ ವಾಪಸು ಬರುತ್ತೇನೆ.

ಮಾವನವರಿಗೆ ಜೈಭೀಮ್ ಹೇಳು. ಅತ್ತೆಗೆ ನಮಸ್ಕಾರ. ಗೌತಮಿಗೆ ಎಣ್ಣೆ ಹಚ್ಚುವಾಗ ಕಿವಿಯ ಹಿಂದೆ ಮರೆಯಬೇಡ, ಅಲ್ಲೇ ಅವಳಿಗೆ ತಲೆ ಒಣಗುವುದು.

ನಿನ್ನ ಅಕ್ಕ,
ಮೀನಾಕ್ಷಿ


ಅರಸೀಕೆರೆ
30-4-2001

ಪ್ರೀತಿಯ ಇಂದು,

ನಿನ್ನ ಕಾರ್ಡು ಬಂತು. "ಗೌತಮಿಯನ್ನು ಕೇಳಿ ನೋಡುತ್ತೇನೆ" ಎಂದು ಬರೆದಿದ್ದೀಯ. ನಮ್ಮನೆಗೆ ಬರಲು ಅವಳನ್ನು ಕೇಳಿ ನೋಡುವ ಕಾಲವೂ ಬಂತು. ಸದ್ಯಕ್ಕೆ ಅದರ ಮೇಲೆ ಜಗಳವಾಡುವುದಿಲ್ಲ, ಏಕೆಂದರೆ ಪಟ ಮುಗಿದಿದೆ, ನಾನು ಖುಷಿಯಲ್ಲಿದ್ದೇನೆ.

ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ರಟ್ಟಿಗೆ ಅಂಟಿಸಿ, ಸ್ಕೆಚ್ ಪೆನ್ನಿನಲ್ಲಿ ಬರೆದೆ. ಆಟ ಮಗು ಇರುವಲ್ಲಿಂದ ಶುರುವಾಗಬೇಕಲ್ಲ, ಅದಕ್ಕೆ ತಳದ ಸಾಲುಗಳು ಹಳೇಬೀಡು. ಕೆರೆ, ದೇವಸ್ಥಾನದ ಮುಂದಿನ ಎಳನೀರಿನ ಗಾಡಿ, ಬಸದಿ, ನಿಮ್ಮ ಮನೆಯ ಕಟ್ಟೆ, ಕಟ್ಟೆಯ ಮೇಲೆ ಕೂತು ಎಲೆಅಡಿಕೆ ಹಾಕುತ್ತಿರುವ ನಿನ್ನ ಅತ್ತೆ. ಅಲ್ಲಿಂದ ಬಸ್ಸು ಹತ್ತಿದರೆ ಮೇಲೆ ಜಾವಗಲ್, ಆಮೇಲೆ ಹಾರನಹಳ್ಳಿ, ದಾರಿಯಲ್ಲಿ ರಾಗಿ ಹೊಲ, ತೆಂಗಿನ ತೋಟ. ಮೇಲಿನ ಸಾಲುಗಳು ಅರಸೀಕೆರೆ. ಸಂತೆ, ರೈಲ್ವೆ ಸ್ಟೇಷನ್, ಕಿಟಕಿಯೊಳಗೆ ನಿನ್ನ ಭಾವ. ನೂರನೇ ಮನೆ ನಮ್ಮನೆ ಬಾಗಿಲು. ಬಾಗಿಲಲ್ಲಿ ನಾನು ನೀಲಿ ಸೀರೆ ಉಟ್ಟು ನಿಂತಿದ್ದೇನೆ. ಮೂಗು ಸ್ವಲ್ಪ ದಪ್ಪ ಬಂದಿದೆ, ಅದು ಪೆನ್ನಿನ ತಪ್ಪು.

ಪುಸ್ತಕ ಓದಿದರೆ ಏಣಿ, ನಿಜ ಹೇಳಿದರೆ ಏಣಿ, ಬಸ್ಸಿನಲ್ಲಿ ಮುದುಕರಿಗೆ ಸೀಟು ಬಿಟ್ಟರೆ ಏಣಿ. ಸುಳ್ಳು ಹೇಳಿದರೆ ಹಾವು, ಹೋಂವರ್ಕ್ ಬಿಟ್ಟು ಟಿವಿ ನೋಡಿದರೆ ಹಾವು, ದೊಡ್ಡವರಿಗೆ ಎದುರುತ್ತರ ಕೊಟ್ಟರೆ ಎಲ್ಲಕ್ಕಿಂತ ಉದ್ದದ ಹಾವು. ವೈಕುಂಠವೂ ಇಲ್ಲ, ಬಾಡಿಗೆಯೂ ಇಲ್ಲ. ನಿನ್ನ ಮಾವ ಮೆಚ್ಚಲೇಬೇಕು.

ನಿನ್ನ ಭಾವ ಮಾತ್ರ ಪಟವನ್ನು ದೂರ ಹಿಡಿದು ತುಂಬ ಹೊತ್ತು ನೋಡಿದರು. ನೋಡಿ ನಕ್ಕರು. "ಹಬ್ಬಕ್ಕೆ ನೀನೇ ತಗೊಂಡೋಗಿ ಕೊಡು ಕಣೇ, ನಾನಂತೂ ಬರಲ್ಲಪ್ಪ" ಎಂದರು. ಯಾಕ್ರೀ ಅಂದರೆ ಹೇಳಲಿಲ್ಲ. ಡ್ಯೂಟಿ ಇರಬೇಕು.

ಗೌತಮಿಗೆ ಹೇಳು, ದೊಡ್ಡಮ್ಮ ಅವಳಿಗೆಂದು ಗರ್ಜಿಕಾಯಿ ಮಾಡಿಟ್ಟಿದ್ದಾಳೆ. ತಿನ್ನಬೇಕಾದರೆ ಇಲ್ಲಿಗೇ ಬರಬೇಕು, ಅಲ್ಲಿಗೆ ತರುವುದಿಲ್ಲ.

ನಿನ್ನ ಅಕ್ಕ,
ಮೀನಾಕ್ಷಿ


ಅರಸೀಕೆರೆ
31-5-2001

ಪ್ರೀತಿಯ ಇಂದು,

ನೀನು ಎರಡು ಪತ್ರ ಬರೆದೆ, ನಾನು ಒಂದಕ್ಕೂ ಉತ್ತರ ಬರೆಯಲಿಲ್ಲ. ಮುಖ ಊದಿಸಿಕೊಂಡು ಕೂತವಳ ಕೈಗೆ ಪೆನ್ನು ಎಲ್ಲಿ ಸಿಗುತ್ತದೆ ಹೇಳು. ಗೌತಮಿ ಸುಖವಾಗಿ ಹಳೇಬೀಡು ಸೇರಿದಳೆಂದು ಸಿದ್ಧಾರ್ಥ ಅವರು ಫೋನ್ ಮಾಡಿದರು. ಈಗ ಮನೆ ಖಾಲಿಯಾಗಿದೆ, ಪೆನ್ನು ಸಿಕ್ಕಿದೆ.

ಪೂರ್ಣಿಮೆಯ ದಿನ ಆಟದ ನಡುವೆ ಹಾಗೇಕೆ ಎದ್ದು ಹೊರಟೆ ಎಂದು ಕೇಳಿದ್ದೀಯ. ನೀನು ಅಲ್ಲೇ ಇದ್ದೆ, ಎಲ್ಲವನ್ನೂ ನೋಡಿದೆ. ಆದರೆ ನಾನು ಕೂತ ಕಡೆಯಿಂದ ಹೇಗೆ ಕಂಡಿತೆಂದು ನಿನಗೆ ಗೊತ್ತಾಗಬೇಕು.

ಬುದ್ಧವಂದನೆಯಾಯಿತು, ಪಾಯಸದ ಊಟವಾಯಿತು. ನಿನ್ನ ಮಾವ ಪಟವನ್ನು ಗೋಡೆಗೆ ಒರಗಿಸಿ, "ಭೇಷ್ ಮೀನಾಕ್ಷಮ್ಮ, ಇಂಥದ್ದು ಸ್ಕೂಲಲ್ಲಿ ಇರ್ಬೇಕಿತ್ತು" ಎಂದಾಗ ನಾನು ಉಬ್ಬಿಹೋದೆ. ಪಡಸಾಲೆಯಲ್ಲಿ ಹಾಸಿ ಎಲ್ಲರೂ ಸುತ್ತ ಕೂತೆವು. ನಿನ್ನ ಅತ್ತೆ ತಮ್ಮ ತಗಡಿನ ಡಬ್ಬಿ ಬಿಚ್ಚಿದರು. ಅದರಲ್ಲಿ ಎಲ್ಲರ ಕಾಯಿಗಳಿದ್ದವು. ಮಾವನವರದ್ದು ಅಂಗಿಯ ಗುಂಡಿ, ಅತ್ತೆಯದು ಹುಣಸೆ ಬೀಜ, ಸಿದ್ಧಾರ್ಥ ಅವರದು ಪೆನ್ನಿನ ಮುಚ್ಚಳ, ನಿನ್ನದು ಕೆಂಪು ಬಳೆಯ ಚೂರು, ಗೌತಮಿಯದು ಗುಲಗಂಜಿ. ನನಗೊಂದು ಬೇಕಾಯಿತು. ಗೌತಮಿ ಅಂಗಳಕ್ಕೆ ಓಡಿ ಒಂದು ಕಲ್ಲು ಆರಿಸಿ ತಂದು, "ದೊಡ್ಡಮ್ಮ, ನಿಮ್ಗೆ ಇದು" ಎಂದಳು. ನಮ್ಮನೆಯಲ್ಲಿ 'ನಿಂಗೆ' ಎನ್ನುತ್ತಿದ್ದವಳು. ಬಂದವರಿಗೆ ಮರ್ಯಾದೆ ಕೊಡಬೇಕೆಂದು ನೀನು ಕಲಿಸಿದ್ದೀಯ, ತಪ್ಪಲ್ಲ. ಇರಲಿ.

ಆಟ ಶುರುವಾಯಿತು. ಗೌತಮಿ ಹಾರನಹಳ್ಳಿವರೆಗೆ ಬಂದು ಹಾವಿನ ಬಾಯಿಗೆ ಬಿದ್ದಳು, ಹಳೇಬೀಡಿನ ಕೆರೆಗೆ ಇಳಿದಳು. ಸಿದ್ಧಾರ್ಥ ಅವರು ನಮ್ಮ ಸಂತೆಯಲ್ಲಿ ಬಿದ್ದು ನಿಮ್ಮ ಬಸದಿಗೆ ಬಂದರು. ಮಾವನವರನ್ನು ಸ್ಟೇಷನ್ನಿನಿಂದ ಹಾವು ಎಳೆದು ತಂದು ನಿಮ್ಮ ಮನೆಯ ಕಟ್ಟೆಯ ಮೇಲೆ, ಅತ್ತೆಯ ಚಿತ್ರದ ಪಕ್ಕದಲ್ಲೇ ಕೂರಿಸಿತು. ಆಗ ಮುತ್ತಮ್ಮನವರು ಬಾಯಲ್ಲಿದ್ದ ಎಲೆಅಡಿಕೆ ಒಂದು ಪಕ್ಕಕ್ಕೆ ಸರಿಸಿ ಹೇಳಿದ ಮಾತು ಈಗಲೂ ಕಿವಿಯಲ್ಲಿದೆ.

"ಇದೇನ್ ಮೀನಾಕ್ಷಿ, ಯಾವ್ ಹಾವು ಕಚ್ಚಿದ್ರೂ ನಮ್ಮೂರಿಗೇ ತಂದಾಕ್ತೈತಲ್ಲ! ನಿಮ್ಮನೆಗೆ ಹೋಗಾಕೆ ಏಣಿ, ನಮ್ಮನೆಗೆ ಬರಾಕೆ ಹಾವಾ?"

ಎಲ್ಲರೂ ನಕ್ಕರು. ನನಗೆ ಆಗಲೇ ಕಂಡದ್ದು ಕಣೇ, ನಾನು ಏನು ಬರೆದಿದ್ದೇನೆ ಎಂದು. ನಿಜವಾಗಿ ಹೇಳುತ್ತೇನೆ, ಬರೆಯುವಾಗ ಹೊಳೆದಿರಲಿಲ್ಲ. ಹಳೇಬೀಡು ಕೆಳಗಿದ್ದರೆ ಹಾವು ಅಲ್ಲಿಗೇ ತಾನೆ ಇಳಿಯಬೇಕು! ಆದರೆ ಹಳೇಬೀಡನ್ನು ಕೆಳಗಿಟ್ಟ ಕೈ ಯಾರದು? ನಿನ್ನ ಭಾವ ನಕ್ಕದ್ದು ಯಾಕೆಂದು ಆಗ ತಿಳಿಯಿತು. ನೀನು ಮಾತ್ರ ನಗಲಿಲ್ಲ. ನೀನು ನನ್ನ ಮುಖವನ್ನೇ ನೋಡುತ್ತಿದ್ದೆ. ನಕ್ಕುಬಿಟ್ಟಿದ್ದರೆ ಒಳ್ಳೆಯದಿತ್ತು.

ಅಷ್ಟಾದರೂ ತಡೆದುಕೊಂಡು ಕೂತಿದ್ದೆ. ಗೌತಮಿ ಮತ್ತೆ ಹತ್ತಿ ಬಂದಳು, ನಮ್ಮ ಬೀದಿಯವರೆಗೆ ಬಂದಳು, ಇನ್ನೇನು ನಮ್ಮನೆ ಬಾಗಿಲು. ದಾಳ ಬಿತ್ತು, ಉದ್ದದ ಹಾವಿನ ಬಾಯಿ. ಅಯ್ಯೋ ಅನ್ನಬೇಕಾದವಳು ಚಪ್ಪಾಳೆ ತಟ್ಟಿ, ನಿನ್ನ ತೊಡೆಯ ಮೇಲೆ ಬಿದ್ದು, "ಹಾವು ಕಚ್ಚಿದ್ರೆ ಒಳ್ಳೇದೇ ಅಮ್ಮ, ನಿನ್ ಹತ್ರ ಬಂದ್ಬಿಡ್ತೀನಿ" ಎಂದಳು. ನೀನು ಅವಳ ತಲೆ ಸವರಿದೆ. ಮಗು ತಾಯಿಯ ತೊಡೆಯ ಮೇಲೆ ಬಿದ್ದರೆ ಯಾರಿಗಾದರೂ ನೋವಾಗುತ್ತದೆಯೇ? ನನಗಾಯಿತು. ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು ಎಂದು ಎಲ್ಲರಿಗೂ ಗೊತ್ತಿತ್ತು.

ನಿನ್ನ ಮಾವ ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ಬಂದರು. ಬಸ್ಸು ಬಂದಾಗ, "ಮಗೂಗೆ ಹೆಸರಿಟ್ಟೋನು ನಾನು ಕಣಮ್ಮ. ಬುದ್ಧನ್ನ ಎತ್ತಿ ಆಡಿಸ್ದೋಳು ಹೆತ್ತ ತಾಯಿ ಅಲ್ಲ, ತಾಯಿ ತಂಗಿ ಗೌತಮಿ. ಅದನ್ನ ಮರೀಬೇಡ" ಎಂದರು. ಸಮಾಧಾನಕ್ಕೆ ಹೇಳಿದರು ಪಾಪ. ಕಿಟಕಿ ಪಕ್ಕ ಕೂತು ನಾನು ಯೋಚಿಸಿದ್ದು ಬೇರೆ. ಆ ಕಥೆಯಲ್ಲಿ ತಾಯಿ ಹೆತ್ತ ವಾರದಲ್ಲೇ ಕಣ್ಣು ಮುಚ್ಚುತ್ತಾಳೆ, ಮಗು ಪೂರ್ತಿ ಗೌತಮಿಯದೇ ಆಗುತ್ತದೆ. ಜಾವಗಲ್ ಬರುವವರೆಗೆ ನಾನು ಆ ಗೌತಮಿಯ ಮೇಲೆ ಹೊಟ್ಟೆಕಿಚ್ಚು ಪಟ್ಟೆ ಇಂದು. ಆಮೇಲೆ, ಹಾಗಾದರೆ ನಾನು ಬಯಸುತ್ತಿರುವುದಾದರೂ ಏನು ಎಂದು ಹೊಳೆದು ಮೈಯೆಲ್ಲ ಬೆವರಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ನೀರು ಕೊಟ್ಟಳು. ನೀನು ನೂರು ವರ್ಷ ಬಾಳು ಕಣೇ, ನನ್ನ ಆಯಸ್ಸೂ ನಿನಗೇ ಇರಲಿ.

ನಾನು ಗೌತಮಿಯನ್ನು ಕರೆದುಕೊಂಡು ಬರದೆ ಹೊರಟಿದ್ದೆ. ಇನ್ನು ಅವಳು ಬರುವುದಿಲ್ಲವೆಂದೇ ಅಂದುಕೊಂಡಿದ್ದೆ. ರಜೆಯ ಕೊನೆಗೆ ಸಿದ್ಧಾರ್ಥ ಅವರು ಬಾಗಿಲಲ್ಲಿ ಬಂದು ನಿಂತಾಗ, ಅವರ ಹಿಂದೆ ಪಟ ಕಂಕುಳಲ್ಲಿ ಇಟ್ಟುಕೊಂಡ ಇವಳನ್ನು ನೋಡಿ ನಾನು ಒಳಗೆ ಓಡಿ ಗರ್ಜಿಕಾಯಿ ಡಬ್ಬಿ ಇಳಿಸಿದೆ. ಕಳಿಸಿದ್ದು ಅತ್ತೆಯೇ ಎಂದು ಬರೆದಿದ್ದೀಯ. "ಮಗೀನ ಕಳ್ಸವ್ವ, ಸಾಕ್ದೋಳ ಹೊಟ್ಟೆ ಉರಿಸ್ಬಾರ್ದು" ಅಂದರಂತೆ. ಅವರು ಒಳ್ಳೆಯವರಾಗಿರುವುದಕ್ಕೂ ನನಗೆ ಹೊಟ್ಟೆಕಿಚ್ಚೇ. ಬೈಯಲೂ ಬಿಡುವುದಿಲ್ಲವಲ್ಲ.

ಗೌತಮಿ ಪಟವನ್ನು ಏನು ಮಾಡಿದ್ದಾಳೆಂದು ನೋಡಿದ್ದೀಯಾ? ಎಲ್ಲ ಹಾವುಗಳಿಗೂ ಚಕ್ರ ಬರೆದಿದ್ದಾಳೆ. ಹೊಟ್ಟೆಯ ಮೇಲೆ ಕಿಟಕಿ, ಬಾಲದ ಹತ್ತಿರ ಕಂಡಕ್ಟರು. "ಹಾವಲ್ಲ ದೊಡ್ಡಮ್ಮ, ಇದು ನಮ್ಮೂರಿಗೆ ಹೋಗೋ ಬಸ್ಸು" ಎಂದಳು. ನಿನ್ನ ಭಾವ ಬಿದ್ದು ಬಿದ್ದು ನಕ್ಕರು. ಇದ್ದಷ್ಟು ದಿನವೂ ಮೂವರೂ ಆಡಿದೆವು. ಅವಳು ಪೌಡರ್ ಡಬ್ಬಿಯಿಂದ ತನ್ನ ಹಸಿರು ಬಳೆಯ ಚೂರನ್ನೇ ತೆಗೆದುಕೊಂಡಳು. ಗರ್ಜಿಕಾಯಿ ಅಷ್ಟು ದಿನ ಇಟ್ಟು ಮೆತ್ತಗಾಗಿದ್ದವು, ಆದರೂ ತಿಂದಳು.

ಹೊಸ ಕ್ಲಾಸಿನಲ್ಲಿ ಅವಳು ಚೆನ್ನಾಗಿ ಓದಲಿ. ಗಣಿತಕ್ಕೆ ಹೆದರುತ್ತಾಳೆ, ಗದರಬೇಡ, ಹುಣಸೆ ಬೀಜ ಇಟ್ಟು ಹೇಳಿಕೊಡು. ಸಿದ್ಧಾರ್ಥ ಅವರ ಕೆಮ್ಮಿಗೆ ತುಳಸಿ ಕಷಾಯ ಮಾಡಿಕೊಡು. ಮಾವನವರಿಗೆ ಜೈಭೀಮ್, ಅತ್ತೆಯ ಕಾಲಿಗೆ ನನ್ನ ನಮಸ್ಕಾರ. ನಿನಗೂ ಮಗುವಿಗೂ ಎಲ್ಲ ಒಳ್ಳೆಯದಾಗಲಿ.

ನಿನ್ನ ಅಕ್ಕ,
ಮೀನಾಕ್ಷಿ

ವಿ. ಸೂ.: ಮಡಚಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಹೊರಡುವ ದಿನ ಗೌತಮಿಯ ಚೀಲದಲ್ಲಿ ಆ ಪೌಡರ್ ಡಬ್ಬಿಯನ್ನೂ ಇಟ್ಟಿದ್ದೆ, ಅಲ್ಲಿಯೂ ತನ್ನ ಹಸಿರು ಕಾಯಿಯಲ್ಲೇ ಆಡಲಿ ಎಂದು. ಅವಳು ಅದನ್ನು ಹೊರಗೆ ತೆಗೆದು ಗೂಡಿನಲ್ಲಿಟ್ಟು, "ಇಲ್ಲೇ ಇರ್ಲಿ ದೊಡ್ಡಮ್ಮ, ನಾನು ಬಂದಾಗ ಬೇಕಲ್ಲ" ಎಂದಳು. "ನೋಡು, ಬರ್ತೀನಿ ಅಂತಿದಾಳೆ" ಎಂದು ನಿನ್ನ ಭಾವ ಹಿಗ್ಗಿದರು. ನಾನೂ ನಕ್ಕೆ. ಆದರೆ ಮನೆಯವರು 'ಬಂದಾಗ' ಅನ್ನುವುದಿಲ್ಲ ಇಂದು. ನೆಂಟರು ಅನ್ನುತ್ತಾರೆ.

ಇನ್ನೊಂದು. ಪೂರ್ಣಿಮೆಯ ದಿನ ನಾನು ಚಪ್ಪಲಿ ಮೆಟ್ಟುವಾಗ ಅವಳು ಕಾಯಿಗಳನ್ನೆಲ್ಲ ತಗಡಿನ ಡಬ್ಬಿಗೆ ತುಂಬುತ್ತಿದ್ದಳು. ನನ್ನ ಕಲ್ಲನ್ನು ಅಂಗಳಕ್ಕೆ ಎಸೆದಳು. ಅವಳ ತಪ್ಪೇನಿಲ್ಲ, ಅಂಗಳದ ಕಲ್ಲನ್ನು ಯಾರು ಎತ್ತಿಡುತ್ತಾರೆ? ಈ ಪತ್ರದ ಮಡಿಕೆಯಲ್ಲಿ ನನ್ನ ನೀಲಿ ಬಳೆಯ ಚೂರೊಂದಿದೆ. ಹೆದರಬೇಡ, ಪಾತ್ರೆ ತೊಳೆಯುವಾಗ ತಾನಾಗಿ ಒಡೆದದ್ದು. ನಿನ್ನ ಅತ್ತೆಯ ಡಬ್ಬಿಯಲ್ಲಿ ಹಾಕಿಡು. ನಾನು ಬಂದಾಗ ಬೇಕಲ್ಲ.